ಎಐನಲ್ಲಿ ಪಿಎಚ್‌.ಡಿ: ಸ್ಟೈಪೆಂಡ್ ಸಮೇತ ಸೀಟು ಪಡೆಯುವುದು ಹೇಗೆ? ಹಂತ ಹಂತವಾಗಿ

ಬಿ.ಇ. ಮುಗಿದ ಕೂಡಲೇ ಪಿಎಚ್‌.ಡಿಗೆ ಅರ್ಜಿ ಹಾಕಬಹುದು ಎಂದರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಎಷ್ಟೋ ಮಕ್ಕಳು ನಂಬುವುದಿಲ್ಲ. ಎಂ.ಟೆಕ್ ಆಗಿರಲೇಬೇಕು, ಲಕ್ಷಗಟ್ಟಲೆ ಫೀಸ್ ಕಟ್ಟಬೇಕು, ಐಐಟಿಯಲ್ಲಿ ಓದಿದವರನ್ನು ಬಿಟ್ಟು ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಮೂರು ಮಾತು ಊರೂರಿನ ಕ್ಯಾಂಪಸ್‌ಗಳಲ್ಲಿ ಓಡಾಡುತ್ತಿವೆ. ಮೂರೂ ತಪ್ಪು. ಬೆಂಗಳೂರಿನ ಐಐಎಸ್‌ಸಿಯಲ್ಲೂ ಹೆಚ್ಚಿನ ಐಐಟಿಗಳಲ್ಲೂ ಬಿ.ಇ. ಪದವಿ ಮತ್ತು ಒಳ್ಳೆಯ ಗೇಟ್ ಸ್ಕೋರ್ ಇದ್ದವರು ನೇರವಾಗಿ ಪಿಎಚ್‌.ಡಿಗೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಓದುವಷ್ಟು ಕಾಲ ತಿಂಗಳು ತಿಂಗಳು ಹಣ ಬರುತ್ತದೆ. ಓದಿದ ಕಾಲೇಜಿನ ಹೆಸರು ಅರ್ಜಿಯಲ್ಲಿ ಒಂದು ಸಾಲು ಮಾತ್ರ. ಅರ್ಜಿಗೆ ಮುಂಚಿನ ಒಂದು ವರ್ಷದಲ್ಲಿ ನೀವು ಕಲಿತ ಗಣಿತ, ಓದಿದ ಪೇಪರ್‌ಗಳು, ಕೈಯಾರೆ ಮಾಡಿ ನೋಡಿದ ಕೆಲಸ, ಇವುಗಳ ಮೇಲೆ ಸೀಟು ನಿಂತಿದೆ. ಅದಕ್ಕೇ ಈ ಕ್ರಮ ಅರ್ಜಿ ನಮೂನೆಗಿಂತ ಬಹಳ ಹಿಂದಿನಿಂದ ಶುರುವಾಗುತ್ತದೆ.

ಹಂತ 1: ಹಣ ಯಾವ ಬಾಗಿಲಿನಿಂದ ಬರುತ್ತದೆ ಎಂದು ತಿಳಿಯಿರಿ

ಪೂರ್ಣಾವಧಿ ಪಿಎಚ್‌.ಡಿ ಎಂದರೆ ನಾಲ್ಕೈದು ವರ್ಷದ ದುಡಿಮೆ. ಹಣ ಬಾರದ ಪೂರ್ಣಾವಧಿ ಪಿಎಚ್‌.ಡಿಗೆ ಸೇರಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಎರಡನೇ ವರ್ಷದ ಹೊತ್ತಿಗೆ ಬಾಡಿಗೆ ಕಟ್ಟಲು ಟ್ಯೂಷನ್ ಹೇಳುತ್ತಾ, ರಾತ್ರಿ ಸಂಶೋಧನೆ ಮಾಡುತ್ತಾ ಬಸವಳಿದು ಅರ್ಧಕ್ಕೆ ಬಿಟ್ಟ ಪ್ರತಿಭಾವಂತರು ಎಲ್ಲ ಊರುಗಳಲ್ಲೂ ಇದ್ದಾರೆ.

ಭಾರತದಲ್ಲಿ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಸಂಸ್ಥೆಯೇ ಕೊಡುವ ಸ್ಟೈಪೆಂಡ್. ಐಐಎಸ್‌ಸಿ, ಐಐಟಿ, ಎನ್‌ಐಟಿಗಳಲ್ಲಿ ಹೆಚ್ಚಿನವರು ಓದುವುದು ಇದರಲ್ಲೇ. ಎರಡನೆಯದು ಯುಜಿಸಿ ನೆಟ್ ಪರೀಕ್ಷೆಯ ಜೆಆರ್‌ಎಫ್. 2023ರ ಜನವರಿ 1ರಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ; ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಐಐಎಸ್‌ಸಿ, ಐಐಟಿಗಳ ಸ್ಟೈಪೆಂಡ್ ಕೂಡ ಇದೇ ಮಟ್ಟದಲ್ಲಿದೆ. ಮೂರನೆಯದು 2018ರಲ್ಲಿ ಶುರುವಾದ ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್, ಎಲ್ಲರ ಬಾಯಲ್ಲಿ ಪಿಎಂಆರ್‌ಎಫ್. ಅದು ಆರಂಭವಾದಾಗ ನಿಗದಿಯಾದ ಮೊತ್ತ ಮೊದಲ ಎರಡು ವರ್ಷ ತಿಂಗಳಿಗೆ 70,000, ಮೂರನೇ ವರ್ಷ 75,000, ಕೊನೆಯ ಎರಡು ವರ್ಷ 80,000 ರೂಪಾಯಿ. ಜೊತೆಗೆ ವರ್ಷಕ್ಕೆ 2 ಲಕ್ಷ ರೂಪಾಯಿ ಸಂಶೋಧನಾ ವೆಚ್ಚ. 2025ರ ಕೇಂದ್ರ ಬಜೆಟ್‌ನಲ್ಲಿ ಮುಂದಿನ ಐದು ವರ್ಷಗಳಿಗೆ ಇಂಥ 10,000 ಫೆಲೋಶಿಪ್‌ಗಳನ್ನು ಘೋಷಿಸಲಾಯಿತು. ಮೊತ್ತ ದೊಡ್ಡದು, ಪೈಪೋಟಿಯೂ ದೊಡ್ಡದು. ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಓದಿ. ಇದೊಂದನ್ನೇ ನಂಬಿ ಕೂರದೆ ಮೊದಲು ಸಾಮಾನ್ಯ ಸ್ಟೈಪೆಂಡ್‌ನ ಸೀಟು ಹಿಡಿಯಿರಿ.

ನಾಲ್ಕನೆಯದು ಪ್ರಾಜೆಕ್ಟ್ ಹಣ. ಪ್ರಾಧ್ಯಾಪಕರಿಗೆ ಸರ್ಕಾರದಿಂದಲೋ ಕಂಪನಿಯಿಂದಲೋ ಬಂದ ಯೋಜನೆಯಿಂದ ನಿಮಗೆ ಸಂಬಳ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಯೋಜನೆ ಮೂರು ವರ್ಷಕ್ಕೆ ಮುಗಿದರೆ ನಾಲ್ಕನೇ ವರ್ಷ ಹಣ ಎಲ್ಲಿಂದ? ಇವಲ್ಲದೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರೆ ಹಿಂದುಳಿದ ವರ್ಗಗಳ ಅಭ್ಯರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ.

ಅರ್ಜಿಯಲ್ಲಿ ನೀವು ಯಾವ ವರ್ಗದ ವಿದ್ಯಾರ್ಥಿ ಎಂದು ಕೇಳುವ ಒಂದು ಕಾಲಂ ಇರುತ್ತದೆ: ಸಂಸ್ಥೆಯ ಸ್ಟೈಪೆಂಡ್, ಹೊರಗಿನ ಫೆಲೋಶಿಪ್, ಪ್ರಾಯೋಜಿತ, ಸ್ವಂತ ಖರ್ಚು, ಅರೆಕಾಲಿಕ ಎಂದೆಲ್ಲ. ಅವಸರದಲ್ಲಿ ಸ್ವಂತ ಖರ್ಚು ಎಂದು ಒತ್ತಿದರೆ ಮುಂದೆ ತಿದ್ದುವುದು ಬಲು ಕಷ್ಟ.

ಮನೆಯಲ್ಲಿ ಶಿಕ್ಷಣ ಸಾಲದ ಕಂತು ಇದ್ದರೆ ಅದನ್ನು ಈ ಹಂತದಲ್ಲೇ ಕಾಗದದ ಮೇಲೆ ಬರೆಯಿರಿ. ಜೊತೆಗೆ ಓದಿದವರು ಸಾಫ್ಟ್‌ವೇರ್ ಕಂಪನಿಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಎಣಿಸುತ್ತಿರುತ್ತಾರೆ. ಅಪ್ಪ ಅಮ್ಮ ಆ ಮಾತನ್ನು ಎತ್ತಿಯೇ ಎತ್ತುತ್ತಾರೆ. ಹಾಸ್ಟೆಲ್ ಮತ್ತು ಮೆಸ್ ಬಿಲ್ ಕಳೆದು ಎಷ್ಟು ಉಳಿಯುತ್ತದೆ, ಕಂತಿಗೆ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ ಅವರ ಮುಂದಿಡಿ. ಸಾಲ ಭಾರಿ ಇದ್ದರೆ ಎರಡು ವರ್ಷ ದುಡಿದು ತೀರಿಸಿ ಆಮೇಲೆ ಬರುವುದರಲ್ಲಿ ನಷ್ಟವೇನಿಲ್ಲ. ಕೆಲಸ ಮಾಡಿ ಬಂದವರನ್ನು ಒಳ್ಳೆಯ ಲ್ಯಾಬ್‌ಗಳು ಸಂತೋಷದಿಂದ ತೆಗೆದುಕೊಳ್ಳುತ್ತವೆ.

ಹಂತ 2: 'ಎಐ' ಎನ್ನುವುದನ್ನು ಬಿಟ್ಟು ಒಂದು ಪ್ರಶ್ನೆಗೆ ಬನ್ನಿ

'ನನಗೆ ಎಐನಲ್ಲಿ ಆಸಕ್ತಿ' ಎಂದು ಬರೆದ ಅರ್ಜಿಗಳು ರಾಶಿ ಬೀಳುತ್ತವೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಂಪ್ಯೂಟರ್ ವಿಷನ್, ಭಾಷಾ ಸಂಸ್ಕರಣೆ, ಮಾತಿನ ಗುರುತಿಸುವಿಕೆ, ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್, ಲರ್ನಿಂಗ್ ಥಿಯರಿ, ದೊಡ್ಡ ಮಾಡೆಲ್‌ಗಳನ್ನು ಕಡಿಮೆ ಯಂತ್ರಬಲದಲ್ಲಿ ಓಡಿಸುವ ಸಿಸ್ಟಮ್ಸ್ ಕೆಲಸ, ಇವು ಒಂದೊಂದೂ ಬೇರೆಯೇ ಲೋಕ. ಒಂದೊಂದಕ್ಕೂ ಬೇಕಾದ ತಯಾರಿ ಬೇರೆ.

ನಿಮ್ಮ ಲೋಕ ಯಾವುದು ಎಂದು ತಿಳಿಯಲು ಪೇಪರ್ ಓದುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಈ ಕ್ಷೇತ್ರದಲ್ಲಿ ಜರ್ನಲ್‌ಗಳಿಗಿಂತ ಸಮ್ಮೇಳನಗಳ ತೂಕ ಹೆಚ್ಚು: ಮೆಷಿನ್ ಲರ್ನಿಂಗ್‌ಗೆ ನ್ಯೂರಿಪ್ಸ್, ಐಸಿಎಂಎಲ್, ಐಸಿಎಲ್‌ಆರ್, ಭಾಷೆಗೆ ಎಸಿಎಲ್, ಚಿತ್ರಗಳಿಗೆ ಸಿವಿಪಿಆರ್, ಮಾತಿಗೆ ಇಂಟರ್‌ಸ್ಪೀಚ್. ಬಹುಪಾಲು ಪೇಪರ್‌ಗಳು ಆರ್‌ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಐಸಿಎಲ್‌ಆರ್‌ನ ಪೇಪರ್‌ಗಳಿಗೆ ವಿಮರ್ಶಕರು ಬರೆದ ಟೀಕೆ, ಲೇಖಕರು ಕೊಟ್ಟ ಉತ್ತರ ಎರಡೂ ಓಪನ್‌ರಿವ್ಯೂನಲ್ಲಿ ಎಲ್ಲರಿಗೂ ತೆರೆದಿರುತ್ತವೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಒಂದು ಪೇಪರ್ ಓದಿ, ಅದರ ಕೊರತೆ ಏನೆಂದು ನೀವೇ ಎರಡು ಸಾಲು ಬರೆದಿಟ್ಟು, ಆಮೇಲೆ ವಿಮರ್ಶಕರ ಮಾತು ತೆರೆದು ನೋಡಿ. ಕೆಲವು ವಾರಗಳಲ್ಲೇ ನಿಮ್ಮ ಕಣ್ಣು ಹದಗೊಳ್ಳುತ್ತದೆ.

ಪ್ರಶ್ನೆ ಎಂದರೆ ಎಷ್ಟು ಚಿಕ್ಕದಿರಬಹುದು ಎಂಬುದಕ್ಕೆ ನಮ್ಮ ಮನೆಯಂಗಳದ್ದೇ ಒಂದು ಉದಾಹರಣೆ. ಐಐಎಸ್‌ಸಿಯ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳ ಮಾತನ್ನು, ಅವುಗಳ ಒಳನುಡಿಗಳ ಸಮೇತ, ಸಂಗ್ರಹಿಸಿದ್ದಾರೆ. ಐಐಟಿ ಮದ್ರಾಸ್‌ನ ಎಐ4ಭಾರತ್ ಕೂಡ ಕನ್ನಡಕ್ಕೆ ಮುಕ್ತ ಮಾಡೆಲ್ ಮತ್ತು ದತ್ತಾಂಶ ಕೊಟ್ಟಿದೆ. ಮಾತನ್ನು ಬರಹಕ್ಕೆ ಇಳಿಸುವ ಮಾಡೆಲ್ ಎಷ್ಟು ಚೆನ್ನಾಗಿದೆ ಎಂದು ಅಳೆಯಲು ಪದಗಳ ತಪ್ಪು ಎಣಿಸುವುದು ರೂಢಿ. ಮೂಲದಲ್ಲಿ 'ಮಾಡಿ ಬಿಟ್ಟ' ಎಂದು ಬಿಡಿಸಿ ಬರೆದಿದ್ದು, ಮಾಡೆಲ್ 'ಮಾಡಿಬಿಟ್ಟ' ಎಂದು ಕೂಡಿಸಿ ಬರೆದರೆ ಲೆಕ್ಕದಲ್ಲಿ ಎರಡು ತಪ್ಪು ಬೀಳುತ್ತವೆ: ಒಂದು ಪದ ಬದಲಾಯಿತು, ಇನ್ನೊಂದು ಬಿಟ್ಟುಹೋಯಿತು ಎಂದು. ಓದುವ ಕನ್ನಡಿಗರಿಗೆ ಅಲ್ಲಿ ತಪ್ಪೇ ಇಲ್ಲ. ಹಾಗಾದರೆ ಕನ್ನಡದಂಥ ಭಾಷೆಗೆ ನ್ಯಾಯವಾದ ಅಳತೆ ಯಾವುದು? ಇಂಥ ತಪ್ಪುಗಳನ್ನು ನೂರು ವಾಕ್ಯಗಳಲ್ಲಿ ಕೈಯಾರೆ ವಿಂಗಡಿಸಿ ಒಂದು ಪಟ್ಟಿ ಮಾಡಿದರೂ ನಿಮ್ಮ ಬಳಿ ಮಾತಾಡಲು ಸ್ವಂತದ್ದು ಏನೋ ಇರುತ್ತದೆ. ಸಂಶೋಧನೆ ಹೀಗೇ ಆರಂಭವಾಗುವುದು.

ಹಂತ 3: ಗಣಿತ, ಮತ್ತೆ ಗಣಿತ

ಕೋಡ್ ಬರೆಯಲು ಬರುತ್ತದೆ, ಲೈಬ್ರರಿ ಕರೆದು ಮಾಡೆಲ್ ಓಡಿಸಿದ್ದೇನೆ ಎಂಬ ಧೈರ್ಯದಲ್ಲಿ ಇಂಟರ್‌ವ್ಯೂಗೆ ಹೋದವರು ಎಡವುವುದು ಲೀನಿಯರ್ ಆಲ್ಜೀಬ್ರಾ ಮತ್ತು ಪ್ರಾಬಬಿಲಿಟಿಯಲ್ಲಿ. ಸೆಮಿಸ್ಟರ್ ಪರೀಕ್ಷೆಗೆ ಮಾದರಿ ಲೆಕ್ಕ ಬಿಡಿಸಿ ಅಂಕ ತೆಗೆದ ಗಣಿತ ಇಲ್ಲಿ ಸಾಲದು. ಪ್ರತಿ ವ್ಯಾಖ್ಯೆಯ ಹಿಂದೆ ಏಕೆ ಎಂದು ಕೇಳಿಕೊಂಡು ಮತ್ತೆ ಓದಬೇಕು. ನನ್ನ ಸಲಹೆ ಆರು ತಿಂಗಳು, ದಿನಕ್ಕೆ ಎರಡು ಗಂಟೆ.

ಡೈಸೆನ್‌ರಾತ್, ಫೈಸಲ್ ಮತ್ತು ಓಂಗ್ ಬರೆದ 'ಮ್ಯಾಥಮ್ಯಾಟಿಕ್ಸ್ ಫಾರ್ ಮೆಷಿನ್ ಲರ್ನಿಂಗ್' ಲೇಖಕರಿಂದಲೇ ಉಚಿತವಾಗಿ ಸಿಗುತ್ತದೆ. ಎನ್‌ಪಿಟಿಇಎಲ್‌ನಲ್ಲಿ ಐಐಎಸ್‌ಸಿಯ ಪಿ.ಎಸ್. ಶಾಸ್ತ್ರಿ ಅವರ ಪ್ಯಾಟರ್ನ್ ರೆಕಗ್ನಿಷನ್ ಪಾಠಗಳಿವೆ, ಐಐಟಿ ಮದ್ರಾಸ್‌ನ ಮಿತೇಶ್ ಖಾಪ್ರಾ ಅವರ ಡೀಪ್ ಲರ್ನಿಂಗ್ ಪಾಠಗಳಿವೆ. ಎರಡನ್ನೂ ಪೆನ್ನು ಹಿಡಿದು ನೋಡಿ. ವಿಡಿಯೊ ನಿಲ್ಲಿಸಿ, ಮುಂದಿನ ಸಾಲನ್ನು ನೀವೇ ಬರೆದು, ಆಮೇಲೆ ಮುಂದೆ ಓಡಿಸಿ. ಹಾಗೆ ಮಾಡದೆ ನೋಡಿದ ವಿಡಿಯೊ ಹೊತ್ತು ಕಳೆಯಲಷ್ಟೇ ಆದೀತು.

ಇಂಗ್ಲಿಷ್‌ಗೆ ಹೆದರುವವರಿಗೆ ಒಂದು ಮಾತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಥ ಲ್ಯಾಬ್‌ಗಳಲ್ಲಿ ಧಾರಾಳವಾಗಿ ಇದ್ದಾರೆ. ಬೋರ್ಡಿನ ಮೇಲೆ ಸಮೀಕರಣ ಸರಿಯಾಗಿ ಬಂದರೆ ವಾಕ್ಯ ತಡವರಿಸಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂತ 4: ಗೇಟ್ ಅಥವಾ ನೆಟ್

ಗೇಟ್ ಪರೀಕ್ಷೆ ಫೆಬ್ರುವರಿಯಲ್ಲಿ, ಫಲಿತಾಂಶ ಮಾರ್ಚ್‌ನಲ್ಲಿ. ಅರ್ಜಿ ಮಾತ್ರ ಅದಕ್ಕೆ ಹಿಂದಿನ ಆಗಸ್ಟ್, ಸೆಪ್ಟೆಂಬರ್ ಆಸುಪಾಸು. ಈ ಆರು ತಿಂಗಳ ಅಂತರ ಗೊತ್ತಿಲ್ಲದೆ ವರ್ಷ ಕಳೆದುಕೊಳ್ಳುವವರು ಬಹಳ. ಮೂರನೇ ವರ್ಷದ ಬಿ.ಇ. ವಿದ್ಯಾರ್ಥಿಗಳೂ ಬರೆಯಬಹುದು, ಸ್ಕೋರ್ ಮೂರು ವರ್ಷ ಊರ್ಜಿತ. ಹಾಗಾಗಿ ಮೂರನೇ ವರ್ಷದಲ್ಲೇ ಒಮ್ಮೆ ಬರೆದುಬಿಡಿ. ಕಂಪ್ಯೂಟರ್ ಸೈನ್ಸ್ ಪತ್ರಿಕೆಯ ಜೊತೆಗೆ 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಪ್ರತ್ಯೇಕ ಪತ್ರಿಕೆ ಬಂದಿದೆ, ಅದರ ಸಂಕೇತ ಡಿಎ. ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಆಪ್ಟಿಮೈಸೇಷನ್, ಪ್ರೋಗ್ರಾಮಿಂಗ್, ಡೇಟಾಬೇಸ್, ಮೆಷಿನ್ ಲರ್ನಿಂಗ್ ಎಲ್ಲವೂ ಅದರಲ್ಲಿವೆ; ಮೂರನೇ ಹಂತದ ಓದು ಇಲ್ಲಿಗೂ ಆಗಿಬರುತ್ತದೆ. ಯಾವ ವಿಭಾಗ ಯಾವ ಪತ್ರಿಕೆಯನ್ನು ಒಪ್ಪುತ್ತದೆ ಎಂಬುದನ್ನು ಅರ್ಜಿ ಹಾಕುವ ಮುನ್ನ ನೋಡಿಕೊಳ್ಳಿ.

ಯುಜಿಸಿ ನೆಟ್ ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿಗಳಲ್ಲಿ. 2024ರ ಜೂನ್ ಸರದಿಯಿಂದ ಅದರ ಅಂಕವನ್ನು ಪಿಎಚ್‌.ಡಿ ಪ್ರವೇಶಕ್ಕೂ ಬಳಸುತ್ತಾರೆ. ಮೈಸೂರು, ಮಂಗಳೂರು, ಧಾರವಾಡದಂಥ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳತ್ತ ಕಣ್ಣಿಟ್ಟಿರುವ ಎಂ.ಎಸ್ಸಿ., ಎಂ.ಸಿ.ಎ. ಪದವೀಧರರಿಗೆ ಈ ದಾರಿ ಒಗ್ಗುತ್ತದೆ. 2022ರ ಯುಜಿಸಿ ನಿಯಮಾವಳಿಯಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರೂ ಸ್ನಾತಕೋತ್ತರ ಪದವಿ ಇಲ್ಲದೆ ಅರ್ಹರು.

ಸ್ಕೋರ್ ಬಾಗಿಲು ತೆರೆಸುತ್ತದೆ, ಅಷ್ಟೇ. ಇಂಟರ್‌ವ್ಯೂಗೆ ಕರೆ ಬಂದ ಮೇಲೆ ರ‍್ಯಾಂಕ್‌ನ ಹೆಚ್ಚುಕಡಿಮೆಗೆ ಹೆಚ್ಚಿನ ಬೆಲೆ ಇರುವುದಿಲ್ಲ.

ಹಂತ 5: ಗೈಡ್ ಹುಡುಕಿ

ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಐದು ವರ್ಷ ನಿಮ್ಮ ಬರಹ ಓದುವವರು, ನಿಮ್ಮ ತಪ್ಪು ತಿದ್ದುವವರು ಅವರೇ. ಕಂಪ್ಯೂಟರ್ ಸೈನ್ಸ್ ವಿಭಾಗವೊಂದನ್ನೇ ನೋಡಬೇಡಿ. ಐಐಎಸ್‌ಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್ ವಿಭಾಗದ ಜೊತೆಗೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಎಲೆಕ್ಟ್ರಿಕಲ್ ಕಮ್ಯುನಿಕೇಷನ್, ಕಂಪ್ಯುಟೇಷನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗಗಳಲ್ಲೂ ಎಐ ಕೆಲಸ ನಡೆಯುತ್ತದೆ. ಮಾತಿನ ಮೇಲಿನ ಕೆಲಸ ಅಲ್ಲಿ ಹೆಚ್ಚಾಗಿ ಎಲೆಕ್ಟ್ರಿಕಲ್ ಕಡೆಗೇ ಇದೆ. ನಮ್ಮ ರಾಜ್ಯದೊಳಗೇ ಐಐಐಟಿ ಬೆಂಗಳೂರು, ಸುರತ್ಕಲ್‌ನ ಎನ್‌ಐಟಿಕೆ, 2016ರಲ್ಲಿ ಶುರುವಾದ ಐಐಟಿ ಧಾರವಾಡ ಇವೆ. ಆಚೆಗೆ ಐಐಟಿ ಹೈದರಾಬಾದ್‌ನಲ್ಲಿ ಎಐಗೇ ಪ್ರತ್ಯೇಕ ವಿಭಾಗವಿದೆ. ಮದ್ರಾಸ್, ಬಾಂಬೆ, ದೆಹಲಿ, ಕಾನ್ಪುರ ಇದ್ದೇ ಇವೆ.

ಒಬ್ಬೊಬ್ಬರ ಲ್ಯಾಬ್ ಪುಟ ತೆರೆದು ಮೂರು ಸಂಗತಿ ನೋಡಿ. ಕಳೆದ ಮೂರು ವರ್ಷದ ಪೇಪರ್‌ಗಳಲ್ಲಿ ವಿದ್ಯಾರ್ಥಿಗಳ ಹೆಸರು ಮೊದಲು ಬಂದಿದೆಯೇ? ಪಿಎಚ್‌.ಡಿ ಮುಗಿಸಿದವರು ಎಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ? ನಡುವೆ ಬಿಟ್ಟುಹೋದವರು ಇದ್ದಾರೆಯೇ? ಕೊನೆಯದು ಪುಟದಲ್ಲಿ ಇರುವುದಿಲ್ಲ. ಅಲ್ಲಿ ಓದುತ್ತಿರುವವರನ್ನೇ ಕೇಳಬೇಕು. ಐಐಎಸ್‌ಸಿಯ ಓಪನ್ ಡೇ ದಿನ ಯಾರು ಬೇಕಾದರೂ ಒಳಗೆ ಹೋಗಿ ಲ್ಯಾಬ್‌ಗಳನ್ನು ಸುತ್ತಬಹುದು, ವಿದ್ಯಾರ್ಥಿಗಳೊಂದಿಗೆ ನಿಂತು ಮಾತಾಡಬಹುದು. ತುಮಕೂರಿನಿಂದಲೋ ಮಂಡ್ಯದಿಂದಲೋ ಬೆಳಗಿನ ಬಸ್ ಹಿಡಿದರೆ ಸಂಜೆಗೆ ವಾಪಸ್. ತಪ್ಪದೆ ಹೋಗಿ.

ಪ್ರಾಧ್ಯಾಪಕರಿಗೆ ಇಮೇಲ್ ಬರೆಯುವುದಾದರೆ ಎಂಟು ಹತ್ತು ಸಾಲು ಸಾಕು. ನೀವು ಯಾರು, ಅವರ ಯಾವ ಪೇಪರ್ ಓದಿದಿರಿ, ಅದರಲ್ಲಿ ಯಾವ ಭಾಗ ನಿಮಗೆ ಪ್ರಶ್ನೆ ಹುಟ್ಟಿಸಿತು, ನೀವು ಮಾಡಿ ನೋಡಿದ್ದೇನು, ಮುಂದಿನ ಸಾಲಿಗೆ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆಯೇ. 'ರೆಸ್ಪೆಕ್ಟೆಡ್ ಸರ್' ಎಂದು ಆರಂಭಿಸಿ ಒಂದೇ ಒಕ್ಕಣೆಯನ್ನು ನಲವತ್ತು ಜನಕ್ಕೆ ಕಳಿಸಿದರೆ ಅದು ಅವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಪೇಪರ್ ಬರೆದವರು 'ಮೇಡಂ' ಆಗಿದ್ದರಂತೂ ಕಥೆ ಅಲ್ಲಿಗೇ ಮುಗಿಯಿತು. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಉತ್ತರ ಬರಲಿಲ್ಲವೆಂದು ಅರ್ಜಿ ಹಾಕದೆ ಇರಬೇಡಿ. ನಮ್ಮ ಸಂಸ್ಥೆಗಳಲ್ಲಿ ಆಯ್ಕೆ ಮಾಡುವುದು ಸಮಿತಿ. ಎಷ್ಟೋ ಕಡೆ ಗೈಡ್ ನಿಗದಿಯಾಗುವುದೇ ಆಯ್ಕೆಯ ನಂತರ.

ಹಂತ 6: ಉದ್ದೇಶ ಪತ್ರ ಮತ್ತು ಶಿಫಾರಸು

ಎಲ್ಲರೂ ಎಸ್‌ಒಪಿ ಎನ್ನುವ ಉದ್ದೇಶ ಪತ್ರದಲ್ಲಿ ಬಾಲ್ಯದಿಂದ ಕಂಪ್ಯೂಟರ್ ಎಂದರೆ ಪ್ರಾಣ ಎಂಬ ಪ್ಯಾರಾ ಬೇಡ. ಎರಡನೇ ಹಂತದ ಉದಾಹರಣೆಯನ್ನೇ ತೆಗೆದುಕೊಳ್ಳಿ. 'ಕನ್ನಡ ಸ್ಪೀಚ್ ರೆಕಗ್ನಿಷನ್ ಮೇಲೆ ಪ್ರಾಜೆಕ್ಟ್ ಮಾಡಿ ಒಳ್ಳೆಯ ಫಲಿತಾಂಶ ಪಡೆದೆ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಮುಕ್ತವಾಗಿ ಸಿಗುವ ಒಂದು ಮಾಡೆಲ್ಲನ್ನು ನಮ್ಮ ಭಾಗದ ಆಡುಮಾತಿನ ಧ್ವನಿಮುದ್ರಣಗಳ ಮೇಲೆ ಓಡಿಸಿದೆ. ತಪ್ಪುಗಳನ್ನು ಕೈಯಾರೆ ವಿಂಗಡಿಸಿದಾಗ ದೊಡ್ಡ ಪಾಲು ಪದ ಬಿಡಿಸಿ ಬರೆಯುವ ರೀತಿಯಿಂದ ಬಂದದ್ದು ಎಂದು ಕಂಡಿತು. ಅದನ್ನು ಬದಿಗಿಟ್ಟು ಅಳೆದರೆ ಮಾಡೆಲ್‌ಗಳ ಕ್ರಮಾಂಕವೇ ಬದಲಾಗುತ್ತದೆಯೇ ಎಂಬುದು ನನ್ನ ಮುಂದಿನ ಪ್ರಶ್ನೆ' ಎಂದರೆ ಓದುತ್ತಿರುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಏನು ಮಾಡಿದಿರಿ, ಏನು ಕಂಡಿತು, ಏನು ಉಳಿಯಿತು ಎಂಬಷ್ಟೇ ಇರಲಿ. ಪತ್ರವನ್ನು ಚಾಟ್‌ಬಾಟ್‌ನಿಂದ ಬರೆಸಬೇಡಿ. ವ್ಯಾಕರಣ ತಿದ್ದಿಸಿದರೆ ತಕರಾರಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ಅದರ ಒಂದೊಂದು ಸಾಲಿಗೂ ನೀವೇ ಉತ್ತರ ಹೇಳಬೇಕು.

ಹಣ ಕಟ್ಟಿಸಿಕೊಂಡು ವಾರದೊಳಗೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟನ್ನು ಪ್ರಕಟಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಮಕ್ಕಳ ದುಡ್ಡೂ ಹೋಗುತ್ತದೆ, ಹೆಸರೂ ಕೆಡುತ್ತದೆ. ಒಳ್ಳೆಯ ಆಯ್ಕೆ ಸಮಿತಿ ಅಂಥ ಪೇಪರ್ ನೋಡಿದರೆ ಅಭ್ಯರ್ಥಿಯ ವಿವೇಚನೆಯ ಬಗ್ಗೆಯೇ ಅನುಮಾನಪಡುತ್ತದೆ. ಆ ಪ್ರಾಜೆಕ್ಟಿನ ಕೋಡನ್ನು ಗಿಟ್‌ಹಬ್‌ನಲ್ಲಿ ಹಾಕಿ, ಇನ್ನೊಬ್ಬರು ಓಡಿಸಿ ನೋಡುವಂತೆ ಒಂದು ಪುಟ ವಿವರಣೆ ಬರೆದಿಡಿ. ಅದರ ಬೆಲೆ ಎಷ್ಟೋ ಹೆಚ್ಚು.

ಶಿಫಾರಸು ಪತ್ರ ಕೇಳುವ ಕಡೆ, ಎಚ್‌ಒಡಿ ಅಥವಾ ಪ್ರಿನ್ಸಿಪಾಲರ ಸಹಿಗಾಗಿ ಓಡಬೇಡಿ. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಕಿರಿಯ ಅಧ್ಯಾಪಕಿ ಬರೆದ ಅರ್ಧ ಪುಟಕ್ಕೆ ತೂಕ ಹೆಚ್ಚು. ಒಂದು ತಿಂಗಳು ಮುಂಚೆ ಕೇಳಿ, ನಿಮ್ಮ ಪತ್ರ ಮತ್ತು ಮಾಡಿದ ಕೆಲಸದ ಟಿಪ್ಪಣಿಯನ್ನು ಅವರ ಕೈಗೆ ಕೊಡಿ.

ಹಂತ 7: ಕಾಗದಪತ್ರ

ಆಗಸ್ಟ್‌ನಲ್ಲಿ ಸೇರುವವರಿಗೆ ಅರ್ಜಿಗಳು ಸಾಮಾನ್ಯವಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತೆರೆದಿರುತ್ತವೆ. ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಗೇಟ್ ಸ್ಕೋರ್ ಕಾರ್ಡ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸಿಜಿಪಿಎಯನ್ನು ಶೇಕಡಾಕ್ಕೆ ಬದಲಿಸುವ ನಿಮ್ಮ ವಿಶ್ವವಿದ್ಯಾಲಯದ ಸೂತ್ರ, ಎಲ್ಲವನ್ನೂ ಮುಂಚೆಯೇ ಸ್ಕ್ಯಾನ್ ಮಾಡಿಡಿ. ಹೆಸರು ಮತ್ತು ಇನಿಷಿಯಲ್ ಎಲ್ಲ ದಾಖಲೆಗಳಲ್ಲೂ ಒಂದೇ ಥರ ಇದೆಯೇ ಎಂದು ನೋಡಿ.

ಮೀಸಲಾತಿ ಪಡೆಯುವವರು ಇಲ್ಲಿ ಬಹಳ ಎಚ್ಚರದಿಂದಿರಬೇಕು. ನಮ್ಮ ರಾಜ್ಯದ ಪ್ರವರ್ಗ 1, 2ಎ, 3ಬಿ ಮುಂತಾದ ಪ್ರಮಾಣಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂದು ನಮೂದಿಸಿದ ಒಬಿಸಿ ಪ್ರಮಾಣಪತ್ರವೇ ಬೇಕು, ಅದೂ ಅವರು ಕೇಳಿದ ಅವಧಿಯದ್ದು. ರಾಜ್ಯದ ಪಟ್ಟಿಯಲ್ಲಿರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ. ನಾಡಕಚೇರಿಗೆ ಹೋದಾಗ 'ಕೇಂದ್ರ ಸರ್ಕಾರದ ಉದ್ದೇಶಕ್ಕೆ' ಎಂದು ಬಾಯಿಬಿಟ್ಟು ಹೇಳಿ, ಕೈಗೆ ಬಂದ ಪತ್ರವನ್ನು ಅಲ್ಲೇ ನಿಂತು ಓದಿ.

ಹಂತ 8: ಇಂಟರ್‌ವ್ಯೂ

ಕೆಲವು ಕಡೆ ಮೊದಲು ಲಿಖಿತ ಪರೀಕ್ಷೆ, ಆಮೇಲೆ ಇಂಟರ್‌ವ್ಯೂ. ನಾಲ್ಕೈದು ಪ್ರಾಧ್ಯಾಪಕರು ಕೂತಿರುತ್ತಾರೆ. ನಿಮಗೆ ಇಷ್ಟವಾದ ವಿಷಯ ಯಾವುದು ಎಂದು ಕೇಳಿ ಅಲ್ಲಿಂದಲೇ ಆರಂಭಿಸುವುದು ಸಾಮಾನ್ಯ. ಪ್ರಾಬಬಿಲಿಟಿ ಎಂದಿರಿ ಎಂದುಕೊಳ್ಳಿ. ಇಂಥದ್ದೊಂದು ಪ್ರಶ್ನೆ ಬರಬಹುದು: ನಾಣ್ಯವನ್ನು ಚಿಮ್ಮುತ್ತಾ ಹೋಗಿ, ಸತತ ಎರಡು ಹೆಡ್ಸ್ ಬೀಳಲು ಸರಾಸರಿ ಎಷ್ಟು ಸಲ ಚಿಮ್ಮಬೇಕು?

ಎರಡು ಹೆಡ್ಸ್ ಬೀಳುವ ಸಾಧ್ಯತೆ ನಾಲ್ಕರಲ್ಲಿ ಒಂದು, ಹಾಗಾಗಿ 4 ಎಂದು ಬಾಯಿಗೆ ಬರುತ್ತದೆ. ತಪ್ಪು. ಬೋರ್ಡ್ ಹತ್ತಿರ ಹೋಗಿ ಹೀಗೆ ಯೋಚಿಸಿ. ಬೇಕಾದ ಸರಾಸರಿ 'ಸ' ಎನ್ನಿ. ಮೊದಲ ಸಲವೇ ಟೇಲ್ಸ್ ಬಿದ್ದರೆ, ಅದರ ಸಾಧ್ಯತೆ ಅರ್ಧ, ಒಂದು ಚಿಮ್ಮುವಿಕೆ ದಂಡವಾಗಿ ಮತ್ತೆ ಮೊದಲಿನಿಂದ: 1 + ಸ. ಹೆಡ್ಸ್ ಬಿದ್ದು ಆಮೇಲೆ ಟೇಲ್ಸ್ ಬಿದ್ದರೆ, ಸಾಧ್ಯತೆ ಕಾಲು ಭಾಗ, ಎರಡು ದಂಡ: 2 + ಸ. ಎರಡೂ ಹೆಡ್ಸ್ ಆದರೆ, ಸಾಧ್ಯತೆ ಕಾಲು ಭಾಗ, ಎರಡಕ್ಕೇ ಮುಗಿಯಿತು. ಮೂರನ್ನೂ ಅವುಗಳ ಸಾಧ್ಯತೆಯಿಂದ ಗುಣಿಸಿ ಕೂಡಿದರೆ 'ಸ' ಎಂಬುದು ಮುಕ್ಕಾಲು 'ಸ'ಕ್ಕೆ ಒಂದೂವರೆ ಸೇರಿಸಿದಷ್ಟು ಆಗುತ್ತದೆ. ಅಂದರೆ ಕಾಲು 'ಸ' ಒಂದೂವರೆ, 'ಸ' 6.

ಪ್ರಶ್ನೆ ಅಲ್ಲಿಗೆ ನಿಲ್ಲುವುದಿಲ್ಲ. ಹೆಡ್ಸ್ ಆದ ಮೇಲೆ ಟೇಲ್ಸ್ ಬೀಳಬೇಕು ಎಂದಿದ್ದರೆ? ಈಗ ಉತ್ತರ 4. ಸಾಧ್ಯತೆ ಎರಡಕ್ಕೂ ಒಂದೇ ಆಗಿರುವಾಗ ಉತ್ತರ ಏಕೆ ಬೇರೆ? ಹೆಡ್ಸ್ ಬಿದ್ದು ಮತ್ತೊಂದು ಹೆಡ್ಸ್ ಬಿದ್ದರೂ ಇಲ್ಲಿ ಗಳಿಸಿದ್ದು ಹೋಗುವುದಿಲ್ಲ, ಮುಂದಿನ ಟೇಲ್ಸ್‌ಗೆ ಕಾದರಾಯಿತು. ಮೊದಲಿನದರಲ್ಲಿ ಒಂದು ಟೇಲ್ಸ್ ಬಿದ್ದರೆ ಗಳಿಸಿದ್ದೆಲ್ಲ ಹೋಗುತ್ತಿತ್ತು. ಕೂತವರು ನೋಡುತ್ತಿರುವುದು ಈ 'ಏಕೆ'ಗೆ ನೀವು ಹೇಗೆ ತಡಕಾಡುತ್ತೀರಿ ಎಂಬುದನ್ನು. 4 ಎಂದು ಮೊದಲು ಹೇಳಿ, ಅವರು ಕೊಟ್ಟ ಸುಳಿವು ಹಿಡಿದು 6ಕ್ಕೆ ತಲುಪಿದವರು ಆಯ್ಕೆಯಾಗುತ್ತಾರೆ. ಬಾಯಿಪಾಠದ ಉತ್ತರ ಒಪ್ಪಿಸಿ ಎರಡನೇ ಪ್ರಶ್ನೆಗೆ ಸುಮ್ಮನಾದವರು ಆಗುವುದಿಲ್ಲ. ಯೋಚನೆಯನ್ನು ಗಟ್ಟಿಯಾಗಿ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ಮರುಕ್ಷಣವೇ 'ಆದರೆ ಹೀಗೆ ಪ್ರಯತ್ನಿಸುತ್ತೇನೆ' ಎಂದು ಮುಂದುವರಿಯಿರಿ. ಗೆಳೆಯರಿಬ್ಬರನ್ನು ಕೂರಿಸಿಕೊಂಡು ಖಾಲಿ ಕ್ಲಾಸ್‌ರೂಮಿನ ಬೋರ್ಡಿನಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಿಗೆ ಅಂದು ಕೈ ನಡುಗುವುದಿಲ್ಲ.

ಹಂತ 9: ವಿದೇಶಕ್ಕೆ ಹೋಗುವುದಾದರೆ

ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌.ಡಿಗೆ ಫೀಸ್ ಮನ್ನಾ ಆಗಿ ಸ್ಟೈಪೆಂಡೂ ಸಿಗುವುದು ವಾಡಿಕೆ. ಅರ್ಜಿಗೆ ಡಿಸೆಂಬರ್ ಮೊದಲ ಎರಡು ವಾರ, ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ, ಹಣದ ಆಫರ್ ಬಂದರೆ ಏಪ್ರಿಲ್ 15ರೊಳಗೆ ಉತ್ತರ. ಎಷ್ಟೋ ವಿಭಾಗಗಳು ಜಿಆರ್‌ಇ ಕೇಳುವುದನ್ನು ಬಿಟ್ಟಿವೆ. ಅರ್ಜಿ ಶುಲ್ಕ ಡಾಲರ್‌ನಲ್ಲಿರುವುದರಿಂದ ಹತ್ತು ಕಡೆ ಹಾಕಿದರೆ ಮನೆಗೆ ಹೊರೆ; ಶುಲ್ಕ ವಿನಾಯಿತಿ ಕೇಳಲು ಸಂಕೋಚ ಬೇಡ. ಬ್ರಿಟನ್ನಿನಲ್ಲಿ ಎಐಗೆಂದೇ ಡಾಕ್ಟರಲ್ ತರಬೇತಿ ಕೇಂದ್ರಗಳಿವೆ. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಯುಕೆಆರ್‌ಐ 2025–26ಕ್ಕೆ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಹೊರದೇಶದವರಿಗೆ ಮಿತಿ ಇರುವುದರಿಂದ ಪೈಪೋಟಿ ಬಿರುಸು. ಜರ್ಮನಿಯಲ್ಲಿ ಪಿಎಚ್‌.ಡಿ ಸ್ಥಾನ ಹೆಚ್ಚಾಗಿ ಸಂಬಳದ ನೌಕರಿಯೇ. ಯುರೋಪಿನ ಹಲವು ಲ್ಯಾಬ್‌ಗಳಿಗೆ ಎಲಿಸ್ ಪಿಎಚ್‌.ಡಿ ಕಾರ್ಯಕ್ರಮದ ಮೂಲಕ ಒಂದೇ ಅರ್ಜಿ ಸಾಕು.

ಹೊರಗೆ ಹೋಗಲು ಸಂಶೋಧನೆಯ ಅನುಭವ ಬಹುಮಟ್ಟಿಗೆ ಬೇಕೇ ಬೇಕು. ಬೆಂಗಳೂರಿನಲ್ಲೇ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ರಿಸರ್ಚ್ ಫೆಲೋ ಹುದ್ದೆ, ಗೂಗಲ್ ರಿಸರ್ಚ್‌ನ ಪ್ರಿಡಾಕ್ಟೋರಲ್ ಹುದ್ದೆಗಳಿವೆ. ಒಂದೆರಡು ವರ್ಷ ಸಂಬಳ ಪಡೆಯುತ್ತಾ ಸಂಶೋಧನೆ ಕಲಿಯಬಹುದು.

ಹಂತ 10: ಆಫರ್ ಬಂದಾಗ, ಬಾರದಿದ್ದಾಗ

ಆಫರ್ ಪತ್ರದಲ್ಲಿ ಸ್ಟೈಪೆಂಡ್ ಮೊತ್ತ, ಎಷ್ಟು ವರ್ಷ, ವಾರಕ್ಕೆ ಎಷ್ಟು ಗಂಟೆ ಟೀಚಿಂಗ್ ಕೆಲಸ, ಹಾಸ್ಟೆಲ್, ಸಮ್ಮೇಳನಕ್ಕೆ ಹೋಗಲು ಪ್ರಯಾಣ ವೆಚ್ಚ, ಇಷ್ಟೂ ಇದೆಯೇ ನೋಡಿ. ಇಲ್ಲದ್ದನ್ನು ಇಮೇಲ್‌ನಲ್ಲಿ ಕೇಳಿ ಬರಹದಲ್ಲೇ ಉತ್ತರ ಪಡೆಯಿರಿ. ಆ ಲ್ಯಾಬ್‌ನ ಹಿರಿಯ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ, ಗೈಡ್ ವಾರಕ್ಕೊಮ್ಮೆ ಸಿಗುತ್ತಾರೆಯೇ, ಜಿಪಿಯು ಎಷ್ಟಿವೆ, ಸರದಿ ಎಷ್ಟು ಉದ್ದ ಎಂದು ಕೇಳಿ. ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದುಂಟು. ಸೇರುವಾಗ ಕೈಯಲ್ಲಿ ಮೂರು ತಿಂಗಳ ಖರ್ಚಿನಷ್ಟು ಇಟ್ಟುಕೊಳ್ಳಿ.

ಈ ಸಲ ಆಗಲಿಲ್ಲವೆಂದರೆ ಮೂರು ದಾರಿ ತೆರೆದಿವೆ. ಐಐಎಸ್‌ಸಿಯ ಎಂ.ಟೆಕ್ ರಿಸರ್ಚ್, ಐಐಟಿ ಮದ್ರಾಸ್ ಅಥವಾ ಐಐಐಟಿ ಬೆಂಗಳೂರಿನ ಎಂ.ಎಸ್. ಬೈ ರಿಸರ್ಚ್ ಪದವಿಗೆ ಸೇರಬಹುದು. ಸ್ಟೈಪೆಂಡ್ ಕಡಿಮೆ, ಆದರೆ ಪಿಎಚ್‌.ಡಿಗೆ ಇದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ. ಎರಡನೆಯದು ಯಾವುದಾದರೂ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಸೇರುವುದು. ಪ್ರಾಧ್ಯಾಪಕರು ನಿಮ್ಮ ಕೆಲಸವನ್ನು ಕಣ್ಣಾರೆ ನೋಡುತ್ತಾರೆ, ನೀವೂ ಅವರನ್ನು ನೋಡುತ್ತೀರಿ. ಮೂರನೆಯದು ಜನವರಿ ಪ್ರವೇಶ. ಐಐಎಸ್‌ಸಿ ಮತ್ತು ಹಲವು ಐಐಟಿಗಳು ವರ್ಷದ ಕೊನೆಗೆ ಪಿಎಚ್‌.ಡಿಗೆ ಇನ್ನೊಂದು ಸುತ್ತು ನಡೆಸುತ್ತವೆ. ಅದಕ್ಕೆ ಅರ್ಜಿ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಬರುತ್ತದೆ. ನಿಮ್ಮ ಗೇಟ್ ಸ್ಕೋರ್ ಆಗಲೂ ಊರ್ಜಿತ, ಉದ್ದೇಶ ಪತ್ರ ತಯಾರಿದೆ, ಕಳೆದ ಇಂಟರ್‌ವ್ಯೂನಲ್ಲಿ ಸಿಕ್ಕಿಹಾಕಿಕೊಂಡ ಪ್ರಶ್ನೆಗಳ ಪಟ್ಟಿ ಕೈಯಲ್ಲಿದೆ. ಆ ಪಟ್ಟಿಯಿಂದಲೇ ಓದು ಶುರುಮಾಡಿ.